ಮಣಿಕಟ್ಟಿನ ಮೇಲೆ ವೈದ್ಯನಿಲ್ಲ

ನಲವತ್ತು ದಾಟಿದವರೆಲ್ಲ ಕೈಗೊಂದು ಸ್ಮಾರ್ಟ್‌ವಾಚ್ ಕಟ್ಟಿಕೊಳ್ಳಲೇಬೇಕು ಎಂಬ ಮಾತು ಗದಗ-ಬೆಟಗೇರಿಯಲ್ಲಿ ಈಗ ಸಲಹೆಯಾಗಿ ಉಳಿದಿಲ್ಲ, ಕರ್ತವ್ಯವಾಗಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ಹಬ್ಬಕ್ಕೆ ಬರುವಾಗ ಅಪ್ಪನಿಗೊಂದು ತರುತ್ತಾನೆ. ನಿವೃತ್ತರಾಗುವ ಮಾಸ್ತರರಿಗೆ ಶಾಲು, ಹಾರದ ಜತೆ ಅದನ್ನೂ ಕೊಡುವ ರೂಢಿ ಬರುತ್ತಿದೆ. ಕೆ.ಎಚ್. ಪಾಟೀಲ ಕ್ರೀಡಾಂಗಣದಲ್ಲಿ ಮುಂಜಾನೆ ಸುತ್ತು ಹಾಕುವವರು "ಇವತ್ತೆಷ್ಟಾತ್ರೀ?" ಎಂದು ಕೇಳಿದರೆ ಉತ್ತರ ಸಾವಿರಗಳಲ್ಲಿ ಬರುತ್ತದೆ. ಲಕ್ಷ್ಮೇಶ್ವರದ ಬಜಾರಿನಲ್ಲಾಗಲಿ ಮುಂಡರಗಿಯ ಬಸ್‌ಸ್ಟ್ಯಾಂಡ್ ಎದುರಾಗಲಿ, ಮೊಬೈಲ್ ಅಂಗಡಿಯವರ ವಾದ ಒಂದೇ: "ಹಾರ್ಟಿನ ವಿಷಯ ಐತ್ರೀ, ಎರಡ ಸಾವಿರಕ್ಕ ಹಿಂದ-ಮುಂದ ನೋಡಬ್ಯಾಡ್ರಿ." ಈ ವಾದ ಸುಳ್ಳು. ಬರೀ ಸುಳ್ಳಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಆದರೆ ಇದು ಜೀವಕ್ಕೆ ಎರವಾಗಬಹುದಾದ ಸುಳ್ಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೃದಯಾಘಾತದ ಭಯ ಎಲ್ಲಿಂದ ಬಂತೆಂಬುದು ನನಗೆ ಗೊತ್ತಿದೆ, ಅದನ್ನು ಹಗುರವಾಗಿ ಕಾಣುತ್ತಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ನಾಡು ದಿಗಿಲುಬಿದ್ದದ್ದು, ಅವರಂಥ ಕಟ್ಟುಮಸ್ತಾದ, ದಿನವೂ ಬೆವರು ಹರಿಸುವ ಮನುಷ್ಯನಿಗೇ ಹೀಗಾದರೆ ನಮ್ಮ ಗತಿಯೇನು ಎಂದು. 2025ರ ಜೂನ್-ಜುಲೈನಲ್ಲಿ ಹಾಸನದಿಂದ ಒಂದರ ಹಿಂದೊಂದು ಸಾವಿನ ಸುದ್ದಿ ಬಂದಾಗ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಆ ಸಾಲನ್ನು ಅನೇಕರು ಮೂಢಭೀತಿ ಎಂದರು. ನನಗೆ ಹಾಗನ್ನಿಸಲಿಲ್ಲ. ಹೆದರಿದವರು ಹೆದರಿಕೆಗೆ ತಕ್ಕ ಜಾಗದಲ್ಲೇ ನಿಂತಿದ್ದರು. ಅಲ್ಲಿ ಇಸಿಜಿ ಯಂತ್ರವಿತ್ತು, ಅದನ್ನು ಓದಬಲ್ಲ ವೈದ್ಯರಿದ್ದರು. ಅದೇ ಭಯ ಹೊತ್ತು ಮೊಬೈಲ್ ಅಂಗಡಿಗೆ ಹೋದವರು ತಟ್ಟಿದ್ದು ತಪ್ಪು ಬಾಗಿಲು.

ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿ ಹರಿವು ನಿಲ್ಲುವುದು. ಆ ಹೊತ್ತಿಗೆ ನಾಡಿ ಏರಬಹುದು, ಇಳಿಯಬಹುದು, ನಿಮಿಷಕ್ಕೆ 78ರಲ್ಲಿ ಸುಮ್ಮನೆ ನಿಂತಿರಲೂಬಹುದು. ವಾಚಿನ ಬೆನ್ನಿಗಿರುವ ಹಸಿರು ದೀಪ ಚರ್ಮದಡಿ ರಕ್ತ ಉಬ್ಬಿಳಿಯುವುದನ್ನು ಎಣಿಸುತ್ತದೆ, ಅಷ್ಟೇ. ಎದೆಯೊಳಗಿನ ಹೆಪ್ಪು ಅದಕ್ಕೆ ಕಾಣಿಸುವುದಿಲ್ಲ. ಇಸಿಜಿ ಸೌಲಭ್ಯವಿರುವ ದುಬಾರಿ ವಾಚುಗಳು ಕೂಡ ಹೃದಯವನ್ನು ಒಂದೇ ಲೀಡಿನಿಂದ ನೋಡುತ್ತವೆ. ಆಸ್ಪತ್ರೆಯ ಯಂತ್ರ 12 ಲೀಡುಗಳಿಂದ, ಅಂದರೆ ಹನ್ನೆರಡು ದಿಕ್ಕುಗಳಿಂದ ನೋಡುತ್ತದೆ. ಹೃದಯದ ಯಾವ ಗೋಡೆಗೆ ಪೆಟ್ಟು ಬಿದ್ದಿದೆಯೆಂದು ತಿಳಿಯುವುದು ಹಾಗೆ ನೋಡಿದಾಗಲೇ. ಆಪಲ್ ಕಂಪನಿಯೇ ತನ್ನ ವಾಚು ಹೃದಯಾಘಾತವನ್ನು ಪತ್ತೆಹಚ್ಚಲಾರದು ಎಂದು ಸ್ಪಷ್ಟವಾಗಿ ಬರೆದಿದೆ. ನಲವತ್ತು ಸಾವಿರ ರೂಪಾಯಿಯ ವಾಚು ಕೊಡದ ಭರವಸೆಯನ್ನು ಹದಿನೆಂಟು ನೂರರ ವಾಚಿನ ಹೆಸರಿನಲ್ಲಿ ನಮ್ಮ ಬಜಾರು ಕೊಡುತ್ತಿದೆ.

ಇದರಿಂದ ಏನಾಗುತ್ತದೆಂದು ಒಂದು ರಾತ್ರಿಯನ್ನು ಊಹಿಸಿ ನೋಡಿ. ಮುಂಡರಗಿ ತಾಲೂಕಿನ ಹಳ್ಳಿಯೊಂದು. ಐವತ್ತೈದರ ರೈತ. ಎದೆ ಬಿಗಿ ಹಿಡಿದಂತಾಗಿ ಎಡಗೈ ಜೋಮು ಹತ್ತಿದೆ, ಬೆವರು ಕಿತ್ತು ಬಂದಿದೆ. ಮೊದಲೇ ನಮ್ಮ ಸೀಮೆಯಲ್ಲಿ ಇದಕ್ಕೆ ತಯಾರಾದ ಉತ್ತರವೊಂದಿದೆ: "ಗ್ಯಾಸ್ ಆಗಿರಬೇಕು, ಸಂಜೀಕ ಮಿರ್ಚಿ ತಿಂದಿದ್ದೆ." ಜೀರಿಗೆ ನೀರು, ಸೋಡಾ, ಎದೆಗೆ ಎಣ್ಣೆ. ಈಗ ಇದರ ಜತೆಗೆ ಹೊಸ ಸಾಕ್ಷಿಯೊಬ್ಬ ಬಂದಿದ್ದಾನೆ. ಮಗ ಕೊಡಿಸಿದ ವಾಚು 78 ತೋರಿಸುತ್ತಿದೆ, ಆಕ್ಸಿಜನ್ 97 ಅನ್ನುತ್ತಿದೆ, ಬಿಪಿ 124/82 ಎಂದೂ ಬರೆದುಬಿಟ್ಟಿದೆ. ಮನೆಯವರಿಗೆ ಸಮಾಧಾನವಾಗುತ್ತದೆ, ಬೆಳಗಾಗಲಿ ನೋಡೋಣ ಎನ್ನುತ್ತಾರೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಎಷ್ಟು ಬೇಗ ಸಿಕ್ಕರೆ ಅಷ್ಟು ಸ್ನಾಯು ಉಳಿಯುತ್ತದೆ. ಮೊದಲ ಒಂದೆರಡು ತಾಸುಗಳೇ ಎಲ್ಲ. ಮುಂಡರಗಿಯಿಂದಾಗಲಿ ಲಕ್ಷ್ಮೇಶ್ವರದಿಂದಾಗಲಿ ಗದಗ ಸುಮಾರು 40 ಕಿಲೋಮೀಟರ್, ಶಿರಹಟ್ಟಿಯಿಂದ ಸುಮಾರು 25. ಹಳ್ಳಿಯಿಂದ ತಾಲೂಕಿಗೆ ಬರುವ ದಾರಿ ಬೇರೆ. ಇಷ್ಟು ದೂರವಿರುವ ಸೀಮೆಯಲ್ಲಿ ಅನುಮಾನ ಬಂದ ತಕ್ಷಣ ಹೊರಡುವುದೊಂದೇ ದಾರಿ. ಆ ಅನುಮಾನವನ್ನೇ ವಾಚು ಕೊಂದುಹಾಕುತ್ತದೆ.

ಅಷ್ಟು ದೂರ ಹೋಗುವ ಮೊದಲೇ ನೆರವು ಸಿಗಲೆಂದು ಪುನೀತ್ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೂಡಲೇ ನೋಡಿ ಹೇಳುವುದು, ಬೇಕಿದ್ದರೆ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಇದರ ಕ್ರಮ. ಈ ಯೋಜನೆಯ ಬಗ್ಗೆ ನಮ್ಮ ಊರುಗಳ ಗೋಡೆಗಳ ಮೇಲೆ ಎಷ್ಟು ಬರಹವಿದೆ, ವಾಚಿನ ಜಾಹೀರಾತು ಎಷ್ಟಿದೆ ಎಂದು ಒಮ್ಮೆ ಕಣ್ಣಾಡಿಸಿ. ಯಾವುದು ಜೀವ ಉಳಿಸುತ್ತದೋ ಅದು ಸದ್ದಿಲ್ಲದೆ ಕೂತಿದೆ.

ಬಿಪಿಯ ವಿಷಯಕ್ಕೆ ಬರುತ್ತೇನೆ. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ. ತೋಳಿಗೆ ಪಟ್ಟಿ ಸುತ್ತುವ ಯಂತ್ರ ಗಾಳಿ ತುಂಬಿ ರಕ್ತನಾಳವನ್ನು ಒತ್ತಿ ಹಿಡಿಯುತ್ತದೆ, ಆಮೇಲೆ ಒತ್ತಡ ಸಡಿಲಿಸುತ್ತ ನಾಳದ ಮಿಡಿತ ಎಲ್ಲಿ ಬಲವಾಗುತ್ತದೆ, ಎಲ್ಲಿ ಕುಗ್ಗುತ್ತದೆ ಎಂದು ನೋಡಿ ಲೆಕ್ಕ ಹಾಕುತ್ತದೆ. ಒತ್ತಡವನ್ನು ಒತ್ತಡದಿಂದಲೇ ಅಳೆಯುವ ಕೆಲಸ ಅದು. ವಾಚಿಗೆ ಒತ್ತುವ ಪಟ್ಟಿಯೇ ಇಲ್ಲ. ಬೆಳಕಿನ ಏರಿಳಿತ ನೋಡಿ ಹೀಗಿದ್ದರೆ ಇಷ್ಟಿರಬಹುದು ಎಂದು ಅಂದಾಜು ಕಟ್ಟುತ್ತದೆ. ಸ್ಯಾಮ್‌ಸಂಗ್‌ನಂಥ ಕಂಪನಿ ಈ ಸೌಲಭ್ಯ ಕೊಡುವಲ್ಲಿಯೂ 28 ದಿನಕ್ಕೊಮ್ಮೆ ತೋಳಿನ ಯಂತ್ರಕ್ಕೆ ಹೋಲಿಸಿ ತಿದ್ದಿಕೊಳ್ಳಿ ಎನ್ನುತ್ತದೆ. ಅಂದಮೇಲೆ ತೋಳಿನ ಯಂತ್ರ ಹೇಗೂ ಬೇಕೇ ಬೇಕು. ಆಪಲ್ 2025ರಲ್ಲಿ ರಕ್ತದೊತ್ತಡದ ಎಚ್ಚರಿಕೆ ಸೌಲಭ್ಯ ತಂದಿತು, ಅದರಲ್ಲಿ ಸಂಖ್ಯೆಯನ್ನೇ ತೋರಿಸುವುದಿಲ್ಲ; ನಿಮಗೆ ಅಧಿಕ ರಕ್ತದೊತ್ತಡ ಇರಬಹುದು, ಪಟ್ಟಿಯ ಯಂತ್ರದಿಂದ ಪರೀಕ್ಷಿಸಿಕೊಳ್ಳಿ ಎಂದಷ್ಟೇ ಹೇಳುತ್ತದೆ. ಯುರೋಪಿನ ರಕ್ತದೊತ್ತಡ ತಜ್ಞರ ಸಂಘವೂ ಪಟ್ಟಿಯಿಲ್ಲದ ಸಾಧನಗಳನ್ನು ರೋಗ ನಿರ್ಣಯಕ್ಕೆ, ಔಷಧ ಬದಲಿಸುವುದಕ್ಕೆ ಬಳಸಬೇಡಿ ಎಂದಿದೆ. ಹಾಗಿರುವಾಗ, ಯಾವುದಕ್ಕೂ ಹೋಲಿಸದೆ, ಕೊಂಡ ದಿನವೇ 124/82 ಎಂದು ಎರಡು ಸಂಖ್ಯೆ ಮೂಡಿಸುವ ಅಗ್ಗದ ವಾಚು ಅಳತೆ ಮಾಡುತ್ತಿಲ್ಲ. ಅದು ನಾರ್ಮಲ್ ಎನಿಸುವ ಸಂಖ್ಯೆಯ ಹತ್ತಿರ ಸುಳಿದಾಡುತ್ತಿರುತ್ತದೆ.

ಈ ನಾರ್ಮಲ್ ಎಂಬ ಸಮಾಧಾನ ಎಷ್ಟು ದುಬಾರಿಯೆಂದು ತಿಳಿಯಲು ಒಂದೇ ಅಧ್ಯಯನ ಸಾಕು. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ವರದಿ 2023ರಲ್ಲಿ ಬಂತು: ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, 31.5 ಕೋಟಿ ಜನಕ್ಕೆ ಅಧಿಕ ರಕ್ತದೊತ್ತಡ. ರಕ್ತದೊತ್ತಡಕ್ಕೆ ನೋವಿಲ್ಲ, ಲಕ್ಷಣವಿಲ್ಲ. ಅದು ಇದೆಯೆಂದು ತಿಳಿಯುವ ದಾರಿ ಸರಿಯಾಗಿ ಅಳೆಯುವುದೊಂದೇ. ತಪ್ಪು ಅಳತೆ ಅಳೆಯದೆ ಇರುವುದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಅಳೆಯದವನಿಗೆ ಕನಿಷ್ಠ ಅಳುಕಾದರೂ ಇರುತ್ತದೆ. ವಾಚು ನಾರ್ಮಲ್ ಅಂತು ಎಂದು ಮಾತ್ರೆ ಬಿಟ್ಟವನಿಗೆ ಅದೂ ಇಲ್ಲ. ಅವನು ಲಕ್ವ ಹೊಡೆದ ಮೇಲೆಯೇ ಗದಗದ ಜಿಮ್ಸ್ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾನೆ. ಸಕ್ಕರೆಯದಂತೂ ಇನ್ನೂ ಘೋರ. ಚರ್ಮ ಚುಚ್ಚದೆ ಸಕ್ಕರೆ ತೋರಿಸುವ ವಾಚು, ಉಂಗುರಗಳನ್ನು ನಂಬಬೇಡಿ, ಅಂಥ ಒಂದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಇನ್ಸುಲಿನ್ ತೆಗೆದುಕೊಳ್ಳುವವರು ಇಂಥ ಸಂಖ್ಯೆ ನೋಡಿ ಡೋಸು ನಿರ್ಧರಿಸಿದರೆ ಒಂದೇ ರಾತ್ರಿಯಲ್ಲಿ ಪ್ರಾಣ ಹೋಗಬಹುದು.

ಅಂಗಡಿಯವರ ಮಾತನ್ನಾಗಲಿ ನನ್ನ ಮಾತನ್ನಾಗಲಿ ನಂಬಬೇಕಿಲ್ಲ. ಅಗ್ಗದ ವಾಚನ್ನು ಒಂದು ಬಾಳೆಹಣ್ಣಿಗೋ ಬದನೆಕಾಯಿಗೋ ಬಿಗಿಯಾಗಿ ಕಟ್ಟಿ ನೋಡಿ. ಹಸಿರು ಬೆಳಕು ಮರಳಿ ಬಂದರೆ ಸಾಕು, ಹಲವು ಬ್ಯಾಂಡುಗಳು ನಾಡಿಬಡಿತ ಬರೆದುಬಿಡುತ್ತವೆ. ಚೀನಾದಲ್ಲಿ ಜನ ಟಾಯ್ಲೆಟ್ ಪೇಪರಿನ ಸುರುಳಿಗೆ ಕಟ್ಟಿ ಅದರ ಎದೆಬಡಿತವನ್ನು ಚಿತ್ರ ತೆಗೆದು ಹಂಚಿದ್ದರು. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕಿದೆ. ಅವರ ಮುಂಗೈ ಮೇಲೆ ಹಚ್ಚೆಯಿರುತ್ತದೆ. ಹಚ್ಚೆಯ ಬಣ್ಣ ಬೆಳಕನ್ನು ನುಂಗುತ್ತದೆ, ಅಳತೆ ತಪ್ಪುತ್ತದೆ. ಬಿಸಿಲಿನಲ್ಲಿ ದುಡಿದು ಕಪ್ಪಾದ ಚರ್ಮದ ಮೇಲೂ ಬೆಳಕಿನ ಅಳತೆಗೆ ಕಷ್ಟವೇ. ಆಸ್ಪತ್ರೆಯ ಬೆರಳಿನ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದವರಲ್ಲಿ ಆಕ್ಸಿಜನ್ನನ್ನು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟೆಂದು ಕೋವಿಡ್ ಕಾಲದಲ್ಲಿ, 2020ರ ಕೊನೆಗೆ, ಅಮೆರಿಕದ ವೈದ್ಯರು ತೋರಿಸಿಕೊಟ್ಟರು.

ಇನ್ನು ಹೆಜ್ಜೆಯ ಲೆಕ್ಕ. ಈ ಯಂತ್ರ ದುಡಿಮೆಯನ್ನು ನೋಡುವ ಬಗೆಯೇ ನಮ್ಮ ಜನಕ್ಕೆ ಹೊಂದುವುದಿಲ್ಲ. ಬೆಟಗೇರಿಯ ಕುಣಿಮಗ್ಗದಲ್ಲಿ ಕೂತ ನೇಕಾರನ ಕಾಲು ದಿನವಿಡೀ ತುಳಿಮಣೆ ಒತ್ತುತ್ತಿರುತ್ತದೆ. ಕೈಗೆ ಕಟ್ಟಿದ ವಾಚಿಗೆ ಆ ಕಾಲು ಕಾಣುವುದಿಲ್ಲ. ಹಲಗೆ ಎಳೆದು ಬಡಿಯುವ ಕೈಯ ತಾಳವನ್ನು ಮಾತ್ರ ನಡಿಗೆಯೆಂದು ಬರೆದುಕೊಳ್ಳುವ ಸಾಧ್ಯತೆಯಿದೆ. ಕೂತಲ್ಲೇ ರೊಟ್ಟಿ ಬಡಿಯುವ ತಾಯಿಗೂ ಹೆಜ್ಜೆಗಳು ಜಮೆಯಾಗಬಹುದು. ಅದೇ ತಾಯಿ ಶಿರಹಟ್ಟಿಯ ಶೇಂಗಾ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಸಂಜೆಯ ತನಕ ಕಳೆ ತೆಗೆದರೆ, ಸೊಂಟ ಬಿದ್ದುಹೋಗುವಷ್ಟು ದುಡಿದರೆ, ವಾಚು ಅವಳನ್ನು ಸೋಮಾರಿ ಎಂದು ಗುರುತಿಸಿ ಎದ್ದು ಓಡಾಡಿ ಎಂದು ಝೇಂಕರಿಸುತ್ತದೆ. ತಲೆಯ ಮೇಲೆ ಕೊಡ ಹೊತ್ತು ಅದನ್ನು ಹಿಡಿದ ಕೈ ಅಲುಗದಿದ್ದರೆ ಆ ನಡಿಗೆ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ಇಂಥ ಹೆಣ್ಣುಮಗಳಿಗೆ ಬೇಕಿರುವುದು ಹಿಮೋಗ್ಲೋಬಿನ್ ಪರೀಕ್ಷೆ ಮತ್ತು ವಿಶ್ರಾಂತಿ. ಹತ್ತು ಸಾವಿರ ಹೆಜ್ಜೆಯ ಗುರಿ ಅವಳಿಗೆ ಅವಮಾನ.

ಆ ಹತ್ತು ಸಾವಿರವಾದರೂ ಎಲ್ಲಿಂದ ಬಂತು? ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಮುಗಿದು ಜಪಾನಿನಲ್ಲಿ ನಡಿಗೆಯ ಹುರುಪು ಎದ್ದಾಗ, 1965ರಲ್ಲಿ ಯಾಮಾಸಾ ಎಂಬ ಗಡಿಯಾರ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವನ್ನು ಹತ್ತು ಸಾವಿರದ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ವ್ಯಾಪಾರದ ಆ ದುಂಡು ಸಂಖ್ಯೆಯೇ ಅರವತ್ತು ವರ್ಷದ ಮೇಲೆ ಗದಗದ ಮುಳಗುಂದ ನಾಕಾದವರೆಗೆ ಬಂದು ನಿಂತಿದೆ. ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ 16,741 ಮಹಿಳೆಯರನ್ನು ಅಭ್ಯಾಸ ಮಾಡಿ 2019ರಲ್ಲಿ ಹೇಳಿದ್ದು: ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಶೇಕಡಾ 41 ಕಡಿಮೆ, ಸುಮಾರು 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಮಂಡಿನೋವಿನ ಅಜ್ಜಿಗೆ ಇದು ಎಷ್ಟು ಒಳ್ಳೆಯ ಸುದ್ದಿ! ಸಂಜೆ ಆರು ಸಾವಿರಕ್ಕೆ ನಿಂತ ವಾಚನ್ನು ನೋಡಿ ಅವರು ಸೋತೆನೆಂದು ಕೊರಗಬೇಕಿಲ್ಲ, ಇನ್ನೊಂದು ಸುತ್ತಿಗೆಂದು ಕತ್ತಲಲ್ಲಿ ರಸ್ತೆಗಿಳಿಯಬೇಕಿಲ್ಲ. ಕ್ಯಾಲರಿಯ ಲೆಕ್ಕವಂತೂ ಬೇಡವೇ ಬೇಡ. ಸ್ಟ್ಯಾನ್‌ಫರ್ಡಿನವರು 2017ರಲ್ಲಿ ಏಳು ಹೆಸರಾಂತ ಸಾಧನಗಳನ್ನು ಪರೀಕ್ಷಿಸಿದಾಗ ನಾಡಿಬಡಿತ ಬಹುಪಾಲು ಸರಿಯಿತ್ತು; ಕ್ಯಾಲರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇಕಡಾ 27 ತಪ್ಪಿತು, ಕೆಟ್ಟದ್ದು 93.

ಇದಕ್ಕೆ ಎದುರಾಗಿ ಬರುವ ಗಟ್ಟಿ ವಾದವೊಂದಿದೆ, ಅದನ್ನು ತಪ್ಪಿಸಿಕೊಂಡು ಹೋಗಲಾರೆ: ಅಳತೆ ಸ್ವಲ್ಪ ತಪ್ಪಿದರೇನು, ವಾಚು ಮನುಷ್ಯನನ್ನು ಎಬ್ಬಿಸಿ ನಡೆಸುತ್ತದಲ್ಲ? 2022ರಲ್ಲಿ ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ವಿಸ್ತಾರವಾದ ಪರಾಮರ್ಶೆ, ಟ್ರ್ಯಾಕರ್ ಕಟ್ಟಿದವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆಯುತ್ತಾರೆ, ತೂಕ ಸುಮಾರು ಒಂದು ಕಿಲೋ ಇಳಿಯುತ್ತದೆ ಎಂದಿದೆ. ನಡಿಗೆ ಹೆಚ್ಚುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದೇ ಪರಾಮರ್ಶೆಯಲ್ಲಿ ರಕ್ತದೊತ್ತಡ, ಕೊಲೆಸ್ಟ್ರಾಲ್‌ಗಳ ಮೇಲೆ ಆದ ಪರಿಣಾಮ ಅತ್ಯಲ್ಪ. ಪಿಟ್ಸ್‌ಬರ್ಗಿನಲ್ಲಿ 471 ಯುವಜನರ ಮೇಲೆ ಎರಡು ವರ್ಷ ನಡೆದ ಪ್ರಯೋಗದ ಫಲ 2016ರಲ್ಲಿ ಬಂದಾಗ ತಜ್ಞರೇ ಬೆರಗಾದರು: ಸಾಧನ ಕಟ್ಟಿದವರು 3.5 ಕಿಲೋ ಇಳಿಸಿದ್ದರು, ಅದಿಲ್ಲದೆ ಪಥ್ಯ-ವ್ಯಾಯಾಮದ ಸಲಹೆಯಲ್ಲಿದ್ದವರು 5.9 ಕಿಲೋ. ಅದೇ ವರ್ಷ ಸಿಂಗಪುರದಲ್ಲಿ 800 ನೌಕರರಿಗೆ ಫಿಟ್‌ಬಿಟ್ ಕೊಟ್ಟು, ಕೆಲವರಿಗೆ ನಡೆದದ್ದಕ್ಕೆ ಹಣವನ್ನೂ ಕೊಟ್ಟು ನೋಡಿದರು. ವರ್ಷದ ಕೊನೆಗೆ ತೂಕದಲ್ಲಾಗಲಿ ರಕ್ತದೊತ್ತಡದಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಮೇಲಾಗಿ, ಹೆಜ್ಜೆ ಎಣಿಸಲೇಬೇಕೆಂದರೆ ಕಿಸೆಯಲ್ಲಿರುವ ಫೋನೇ ಎಣಿಸುತ್ತದೆ, ಪೈಸೆ ಖರ್ಚಿಲ್ಲ. ಹುರುಪು ಎಷ್ಟು ದಿನ ಎಂಬುದಕ್ಕೆ ಮಾರುಕಟ್ಟೆಯೇ ಸಾಕ್ಷಿ. ಮಾರುಕಟ್ಟೆ ಅಧ್ಯಯನ ಸಂಸ್ಥೆ ಐಡಿಸಿಯ ಲೆಕ್ಕದಂತೆ 2023ರಲ್ಲಿ ಭಾರತದ ಪೇಟೆಗೆ 5 ಕೋಟಿಗೂ ಮಿಕ್ಕಿ ಸ್ಮಾರ್ಟ್‌ವಾಚುಗಳು ಬಂದವು. ಮರುವರ್ಷ ಅದು ಮೂರನೇ ಒಂದು ಭಾಗದಷ್ಟು ಕುಸಿಯಿತು. ಮೊದಲನೆಯದನ್ನು ಕೊಂಡವರು ಎರಡನೆಯದಕ್ಕೆ ಬೇಗ ಮರಳಲಿಲ್ಲ.

ನಿದ್ದೆಯ ಅಂಕವನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ನಿದ್ದೆಯ ಹಂತಗಳನ್ನು ತಿಳಿಯುವುದು ಮಿದುಳಿನ ಅಲೆಗಳಿಂದ, ವಾಚು ಊಹಿಸುತ್ತದೆ. ಚೆನ್ನಾಗಿ ಮಲಗೆದ್ದವರು ವಾಚಿನ 62 ಅಂಕ ನೋಡಿ ದಣಿವಾಯಿತೆನ್ನುವ ಸ್ಥಿತಿಗೆ ಬಂದಿದ್ದಾರೆ. ಟ್ರ್ಯಾಕರಿನಿಂದಲೇ ಹುಟ್ಟುವ ಈ ನಿದ್ರಾಚಿಂತೆಯ ಬಗ್ಗೆ ಅಮೆರಿಕದ ವೈದ್ಯರು 2017ರಲ್ಲೇ ಬರೆದಿದ್ದಾರೆ.

ವಾಚು ಯಾರಿಗೂ ಬೇಡ ಎನ್ನುವುದು ನನ್ನ ವಾದವಲ್ಲ. ಗದಗದ ಕ್ರೀಡಾ ವಸತಿ ನಿಲಯದಲ್ಲಿ ಸೈಕ್ಲಿಂಗ್ ಕಲಿಯುವ ಹುಡುಗ-ಹುಡುಗಿಯರಿಗೆ ವೇಗ, ದೂರ, ನಾಡಿಬಡಿತಗಳ ಲೆಕ್ಕ ನಿಜಕ್ಕೂ ಬೇಕು, ಅದನ್ನು ಓದಿ ಹೇಳುವ ಕೋಚ್ ಅವರ ಪಕ್ಕದಲ್ಲಿರುತ್ತಾರೆ. ಎದೆ ಲಯ ತಪ್ಪಿ ಬಡಿಯುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯನ್ನು ಒಳ್ಳೆಯ ವಾಚುಗಳು ಹಿಡಿಯಬಲ್ಲವು. 4,19,297 ಜನ ಪಾಲ್ಗೊಂಡ ಆಪಲ್ ಹಾರ್ಟ್ ಸ್ಟಡಿಯಲ್ಲಿ ಅಂಥ ಎಚ್ಚರಿಕೆ ಬಂದದ್ದು ಶೇಕಡಾ 0.52 ಮಂದಿಗೆ ಮಾತ್ರ. ಹೃದ್ರೋಗ ತಜ್ಞರು ನೋಡಿ, ನಿಮಗೆ ಇಂಥದ್ದೇ ಬೇಕು ಎಂದು ಹೇಳಿದರೆ ಸಾಲ ಮಾಡಿಯಾದರೂ ಕೊಳ್ಳಿ. ಒಂಟಿಯಾಗಿರುವ ವೃದ್ಧರು ಬಿದ್ದರೆ ಮಕ್ಕಳಿಗೆ ಕರೆ ಹೋಗುವ ಸೌಲಭ್ಯವೂ ಬೆಲೆಯುಳ್ಳದ್ದೇ. ಇವೆಲ್ಲ ಸಿಗುವುದು ಹತ್ತಾರು ಸಾವಿರದ ಸಾಧನಗಳಲ್ಲಿ. ನಮ್ಮ ಬಜಾರಿನಲ್ಲಿ ಮಾರಾಟವಾಗುವುದು ಅವುಗಳ ಚಹರೆ ಹೊತ್ತ ಬೇರೆ ಸರಕು.

ಹಾಗಾದರೆ ಎರಡು ಸಾವಿರ ರೂಪಾಯಿಯನ್ನು ಏನು ಮಾಡಬೇಕು? 2025-26ರಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎರಡು ಸಾವಿರವೆಂದರೆ ಐದು ದಿನಕ್ಕೂ ಹೆಚ್ಚಿನ ಬೆವರು. ಸುಮಾರು ಅಷ್ಟೇ ಹಣಕ್ಕೆ ತೋಳಿಗೆ ಸುತ್ತುವ ಒಳ್ಳೆಯ ಬಿಪಿ ಯಂತ್ರ ಬರುತ್ತದೆ. ಅದು ಒಬ್ಬರ ಕೈಗೆ ಅಂಟಿಕೊಂಡಿರುವುದಿಲ್ಲ. ಅಪ್ಪ, ಅವ್ವ, ದೊಡ್ಡಪ್ಪ, ಪಕ್ಕದ ಮನೆಯವರು ಎಲ್ಲರಿಗೂ ಆಗುತ್ತದೆ, ದಿನಾ ಚಾರ್ಜ್ ಬೇಡುವುದಿಲ್ಲ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಒರಗು ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಚಹಾ ಕುಡಿದ ಅರ್ಧ ಗಂಟೆಯ ಮೇಲೆ ಎರಡು ಸಲ ಅಳೆದು ವಹಿಯಲ್ಲಿ ಬರೆದಿಡಿ. ಆ ವಹಿಯನ್ನು ವೈದ್ಯರು ಓದಬಲ್ಲರು. ಯಂತ್ರಕ್ಕೂ ದುಡ್ಡಿಲ್ಲವೆಂದರೆ, ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಉಪಕೇಂದ್ರಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಿದೆ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ನೋಡುವ ಕ್ರಮವನ್ನೂ ರಾಜ್ಯ ಆರಂಭಿಸಿದೆ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಬಂದಿಲ್ಲವಾದರೆ ಯಾಕೆ ಬಂದಿಲ್ಲ ಎಂದೂ ಕೇಳಿ. ಈ ಕೇಳುವಿಕೆಯನ್ನೇ ವಾಚು ನಮ್ಮಿಂದ ಕಸಿಯುತ್ತಿದೆ. ಆರೋಗ್ಯವೆಂದರೆ ನನ್ನ ಕೈ, ನನ್ನ ಹೆಜ್ಜೆ, ನನ್ನ ಅಂಕ ಎಂದುಕೊಂಡವನು, ನಡೆಯಲು ಫುಟ್‌ಪಾತ್ ಎಲ್ಲಿದೆ ಎಂದು ನಗರಸಭೆಯನ್ನು ಕೇಳುವುದಿಲ್ಲ. ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ, ಹೆಂಗಸರಲ್ಲಿ ಶೇಕಡಾ 57, ಸಾಕಷ್ಟು ದೈಹಿಕ ಚಟುವಟಿಕೆ ಮಾಡುತ್ತಿಲ್ಲ ಎಂದು 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಧ್ಯಯನ ಹೇಳಿತು. ಬೆಟಗೇರಿಯ ಹೆಣ್ಣುಮಗಳು ಮುಂಜಾನೆ ಐದಕ್ಕೆ ನಿರ್ಭಯವಾಗಿ ನಡೆಯಬೇಕಾದರೆ ಬೇಕಿರುವುದು ಬೀದಿದೀಪ, ನಾಯಿಗಳ ಕಾಟವಿಲ್ಲದ ರಸ್ತೆ, ಚರಂಡಿಯ ಮೇಲೆ ಒಡೆಯದ ಕಲ್ಲು. ಹೆಜ್ಜೆ ಎಣಿಸುವ ಯಂತ್ರದಿಂದ ಅವು ಬರುವುದಿಲ್ಲ.

ಕೊನೆಗೆ ಅಧಿಕಾರಿಗಳಿಗೆ ಒಂದು ಬೇಡಿಕೆ. ಬಿಪಿ ಯಂತ್ರ, ಗ್ಲುಕೋಮೀಟರ್‌ಗಳು 2021ರಿಂದ ಔಷಧ ಕಾಯ್ದೆಯ ನಿಯಂತ್ರಣದಲ್ಲಿವೆ. ಪರವಾನಗಿಯಿಲ್ಲದೆ ಅವನ್ನು ತಯಾರಿಸಿ ಮಾರುವಂತಿಲ್ಲ. ಅದೇ ಅಳತೆಯನ್ನು ಮಾಡುತ್ತೇನೆಂದು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹೇಳಿ, ಒಳಗಿನ ಕೈಪಿಡಿಯ ಸಣ್ಣ ಅಕ್ಷರದಲ್ಲಿ ಇದು ವೈದ್ಯಕೀಯ ಸಾಧನವಲ್ಲ ಎಂದು ಜಾರಿಕೊಳ್ಳುವ ವಾಚಿಗೆ ಆ ನಿಯಮ ಯಾಕಿಲ್ಲ? ಜಿಲ್ಲೆಯ ಔಷಧ ನಿಯಂತ್ರಣಾಧಿಕಾರಿಗಳು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಂದ ಇಂಥ ವಾಚುಗಳನ್ನು ತರಿಸಿ, ಜಿಮ್ಸ್‌ನ ವೈದ್ಯರ ಎದುರು ತೋಳಿನ ಯಂತ್ರದ ಜತೆ ಹೋಲಿಸಿ, ಬಂದ ಫಲಿತಾಂಶವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಬಸ್‌ಸ್ಟ್ಯಾಂಡುಗಳಲ್ಲಿ ಹಚ್ಚಲಿ. ಅಚ್ಚಿನ ಮನೆಗಳಿಗೆ ಹೆಸರಾದ ಊರಿನಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕಾಗದು. ಬಿಪಿ ತೋರಿಸುತ್ತದೆಂದು ನಂಬಿ ಇಂಥದ್ದನ್ನು ಈಗಾಗಲೇ ಕೊಂಡವರು ಡಬ್ಬಿ, ಬಿಲ್ಲು ಎರಡನ್ನೂ ಎಸೆಯದೆ ಇಟ್ಟುಕೊಳ್ಳಿ. ಗದಗದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ, ಅಲ್ಲಿ ದೂರು ಕೊಡುವಾಗ ಅವೇ ಸಾಕ್ಷಿ.